‘ಪೈಪರ್’: ಅಲೆಯಂಚಿನ ಹಕ್ಕಿಗೆ ಪಾಠ ಹೇಳಿದವರು ಯಾರು?

ಆರು ನಿಮಿಷದ ಒಂದು ಚಲನಚಿತ್ರ. ಅದರಲ್ಲಿ ಒಂದು ಮಾತೂ ಇಲ್ಲ. ಒಂದು ಹಕ್ಕಿಮರಿ, ಅದರ ತಾಯಿ, ಒಂದು ಪುಟ್ಟ ಏಡಿ ಮತ್ತು ಸಮುದ್ರ – ಪಾತ್ರಗಳು ಇಷ್ಟೇ. ಪಿಕ್ಸಾರ್ ಸಂಸ್ಥೆ 2016ರ ಜೂನ್ ತಿಂಗಳಿನಲ್ಲಿ ‘ಫೈಂಡಿಂಗ್ ಡೋರಿ’ ಚಿತ್ರದ ಜೊತೆಗೆ ತೆರೆಗೆ ತಂದ ‘ಪೈಪರ್’ ಎಂಬ ಈ ಕಿರುಚಿತ್ರವನ್ನು ಬರೆದು ನಿರ್ದೇಶಿಸಿದವರು ಆಲನ್ ಬಾರಿಲ್ಲಾರೋ. 2017ರಲ್ಲಿ ಇದಕ್ಕೆ ಅತ್ಯುತ್ತಮ ಅನಿಮೇಷನ್ ಕಿರುಚಿತ್ರವೆಂದು ಆಸ್ಕರ್ ಪ್ರಶಸ್ತಿ ದೊರೆಯಿತು. ಮಾತಿಲ್ಲದ್ದರಿಂದ ಭಾಷೆಯ ತೊಡಕಿಲ್ಲ. ಚಿಕ್ಕದಾದ್ದರಿಂದ ಒಂದು ಪೀರಿಯಡ್ಡಿನಲ್ಲಿ ಎರಡು ಸಲ ತೋರಿಸಬಹುದು. ಮಕ್ಕಳಿಗೆ ಹಕ್ಕಿಗಳ ಬಗ್ಗೆ ಹೇಳಲು ಹೊರಟ ಯಾವ ಶಿಕ್ಷಕರಿಗಾದರೂ ಇದು ಹೇಳಿ ಮಾಡಿಸಿದಂಥ ಚಿತ್ರ.

ಅದಕ್ಕಾಗಿಯೇ ಈ ಚಿತ್ರವನ್ನು ವಿಜ್ಞಾನದ ಕಣ್ಣಿನಿಂದ ಒಮ್ಮೆ ಪರಿಶೀಲಿಸುವುದು ಅಗತ್ಯ. ಕಡಲತೀರದ ವಲಸೆ ಹಕ್ಕಿಗಳು ಆಹಾರ ಹುಡುಕುವುದನ್ನು ಇಷ್ಟು ಹತ್ತಿರದಿಂದ, ಇಷ್ಟು ಪ್ರೀತಿಯಿಂದ ತೋರಿಸಿದ ಕಥಾಚಿತ್ರಗಳು ವಿರಳ. ಹಾಗಿದ್ದರೂ ಹಕ್ಕಿಗೆ ಆಹಾರ ಹೇಗೆ ಸಿಗುತ್ತದೆ ಎಂಬ ಮುಖ್ಯ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಹಕ್ಕಿಯದ್ದಲ್ಲ, ಮನುಷ್ಯನದ್ದು. ಎಲ್ಲಿ ಹಾಗಾಗಿದೆ, ಅದರಿಂದ ನಷ್ಟವೇನು ಎಂಬುದನ್ನು ನೋಡೋಣ.

ಚಿತ್ರದ ಕಥೆ

ಕಡಲತೀರದ ಹುಲ್ಲಿನ ನಡುವೆ ಒಂದು ಗೂಡು. ಅದರಲ್ಲಿ ಹತ್ತಿಯ ಉಂಡೆಯಂಥ ಮರಿ. ತಾಯಿಹಕ್ಕಿ ಅದನ್ನು ನೀರಿನಂಚಿಗೆ ಕರೆಯುತ್ತದೆ. ಮರಿ ಬಾಯಿ ತೆರೆದು ತುತ್ತಿಗಾಗಿ ಕಾಯುತ್ತದೆ. ತಾಯಿ ತುತ್ತು ಕೊಡುವುದಿಲ್ಲ, ನೀನೇ ಹುಡುಕಿಕೋ ಎಂಬಂತೆ ಸನ್ನೆ ಮಾಡುತ್ತದೆ. ಮರಿ ಮುಂದಡಿ ಇಡುತ್ತದೆ. ಅಷ್ಟರಲ್ಲಿ ಅಲೆಯೊಂದು ಬಂದು ಅದನ್ನು ಮುಳುಗಿಸಿ ಏಳಿಸುತ್ತದೆ. ಅಂದಿನಿಂದ ಮರಿಗೆ ನೀರೆಂದರೆ ನಡುಕ. ಹಸಿವು ಕಾಡಿದರೂ ಗೂಡು ಬಿಟ್ಟು ಹೊರಬರಲು ಒಲ್ಲದು. ಕೊನೆಗೆ ಅಲೆ ಬಂದಾಗ ಮರಳಲ್ಲಿ ಹೂತುಕೊಳ್ಳುವ ಪುಟ್ಟ ಸನ್ಯಾಸಿ ಏಡಿಯೊಂದನ್ನು ನೋಡಿ ತಾನೂ ಹಾಗೆಯೇ ಹೂತುಕೊಳ್ಳುತ್ತದೆ. ಅಲೆ ಮೇಲೆ ಹಾದುಹೋಗುವಾಗ ನೀರೊಳಗೆ ಕಣ್ಣು ತೆರೆಯುತ್ತದೆ. ಮರಳಿನ ತುಂಬ ಚಿಪ್ಪುಜೀವಿಗಳು! ಭಯ ಹೋಗಿ ಬೆರಗು ಬರುತ್ತದೆ. ಅಲ್ಲಿಂದ ಮುಂದೆ ಅದು ದೊಡ್ಡ ದೊಡ್ಡ ಚಿಪ್ಪುಗಳನ್ನು ಅಗೆದು ತಂದು ಇಡೀ ಬಳಗಕ್ಕೆ ಹಂಚುತ್ತದೆ.

ಭಯವನ್ನು ಗೆದ್ದವರಿಗೆ ಲೋಕ ತೆರೆದುಕೊಳ್ಳುತ್ತದೆ ಎಂಬುದು ಇದರ ತಾತ್ಪರ್ಯ. ಮಕ್ಕಳಿಗೆ ಹೇಳಬೇಕಾದ ಮಾತೇ.

ಚಿತ್ರ ಸರಿಯಾಗಿ ಕಂಡದ್ದು

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಚಿತ್ರದ ಹಕ್ಕಿಗೆ ಮಾದರಿಯಾದದ್ದು ಸ್ಯಾಂಡರ್ಲಿಂಗ್. ನಮ್ಮ ಗದ್ದೆಬದುವಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಗದ್ದೆಗೊರವದ ಕುಟುಂಬಕ್ಕೇ ಸೇರಿದ, ಸುಮಾರು 20 ಸೆಂಟಿಮೀಟರ್ ಉದ್ದದ ಹಕ್ಕಿ. ಇದರ ತೂಕ ಚಳಿಗಾಲದಲ್ಲಿ 50-60 ಗ್ರಾಂ ಆಸುಪಾಸು. ವೈಜ್ಞಾನಿಕ ಹೆಸರು ಕ್ಯಾಲಿಡ್ರಿಸ್ ಆಲ್ಬ. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡುವುದು, ಸರಸರನೆ ಮರಳನ್ನು ಕುಕ್ಕುವುದು, ಮುಂದಿನ ಅಲೆ ಬಂದಾಗ ಅದರ ಮುಂದೆ ಮುಂದೆ ಓಡಿ ಬರುವುದು – ಇದೇ ಇದರ ದಿನಚರಿ. ಪಿಕ್ಸಾರ್ ಸಂಸ್ಥೆ ಇರುವುದು ಕ್ಯಾಲಿಫೋರ್ನಿಯದ ಎಮರಿವಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ. ಅಲ್ಲಿ ಓಟಕ್ಕೆ ಹೋಗುತ್ತಿದ್ದಾಗ ಈ ಹಕ್ಕಿಗಳು ಅಲೆಗೆ ಹೆದರಿ ಓಡಿ ಮತ್ತೆ ಅಲೆಯತ್ತಲೇ ಮರಳುವುದನ್ನು ಕಂಡು ಚಿತ್ರದ ಕಲ್ಪನೆ ಮೂಡಿತೆಂದು ನಿರ್ದೇಶಕರು ಹೇಳಿದ್ದಾರೆ. ಆ ಓಟದ ಲಯವನ್ನು ಚಿತ್ರ ಅಚ್ಚುಕಟ್ಟಾಗಿ ಹಿಡಿದಿದೆ.

ಗರಿ ಒದ್ದೆಯಾದಾಗ ಮರಿಯ ಗಾತ್ರ ಅರ್ಧಕ್ಕಿಳಿಯುವುದು, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಕನ್ನಡಿಯಂಥ ಹೊಳಪು ಮೂಡುವುದು, ಆ ಹೊಳಪಿನಲ್ಲಿ ಪುಟ್ಟ ಗುಳ್ಳೆಗಳು ಏಳುವುದು – ಇವೆಲ್ಲ ತಿಂಗಳುಗಟ್ಟಲೆ ದಡದಲ್ಲಿ ಕುಳಿತು ನೋಡಿದವರಿಗೆ ಮಾತ್ರ ಸಾಧ್ಯವಾಗುವ ವಿವರಗಳು. ಹಕ್ಕಿಯ ಕಣ್ಣಿನೆತ್ತರಕ್ಕೆ ಇಳಿದು ನೋಡಿದರೆ ಗೇಣುದ್ದದ ಅಲೆಯೂ ಬೆಟ್ಟದಂತೆ ಕಾಣುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳಲಾರದು.

ಇಷ್ಟು ನಿಷ್ಠೆಯಿಂದ ಬರೆದ ಚಿತ್ರ ಎಂಬುದೇ ಮುಂದಿನ ಆಕ್ಷೇಪಗಳಿಗೆ ಕಾರಣ.

ಆ ದಡದಲ್ಲಿ ಆ ಮರಿ ಇರಲಾರದು

ಸ್ಯಾಂಡರ್ಲಿಂಗ್ ಮರಳ ದಡದಲ್ಲಿ ಗೂಡು ಕಟ್ಟುವುದಿಲ್ಲ. ಅದು ಮೊಟ್ಟೆ ಇಡುವುದು ಭೂಮಿಯ ಉತ್ತರದ ತುತ್ತತುದಿಯಲ್ಲಿ: ಗ್ರೀನ್‌ಲೆಂಡ್, ಕೆನಡದ ಆರ್ಕ್‌ಟಿಕ್ ದ್ವೀಪಗಳು, ಸೈಬೀರಿಯದ ತೈಮಿರ್ ಪರ್ಯಾಯ ದ್ವೀಪ ಮೊದಲಾದೆಡೆ. ಮರಗಳೇ ಇಲ್ಲದ, ಕಲ್ಲುಮಣ್ಣಿನ ಬಯಲಿನಲ್ಲಿ ನೆಲ ಕೆರೆದು ಮಾಡಿದ ತಗ್ಗೇ ಗೂಡು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳು. ಮರಿ ಮೊಟ್ಟೆಯೊಡೆದು ಬರುವುದು ಅಲ್ಲಿನ ಚುಟುಕು ಬೇಸಿಗೆಯಲ್ಲಿ. ಮೈಮೇಲೆ ನಯವಾದ ಪುಕ್ಕ ಇರುವಷ್ಟು ಕಾಲ ಅದು ಅಲ್ಲಿಯೇ ಇರುತ್ತದೆ. ಸುಮಾರು 17 ದಿನಗಳಲ್ಲಿ ರೆಕ್ಕೆ ಬಲಿತು ಹಾರಬಲ್ಲದು. ಅನಂತರವೇ ದಕ್ಷಿಣಕ್ಕೆ ಪಯಣ. ಆದ್ದರಿಂದ ಕ್ಯಾಲಿಫೋರ್ನಿಯದಲ್ಲಾಗಲಿ, ನಮ್ಮ ಕರಾವಳಿಯಲ್ಲಾಗಲಿ, ಹತ್ತಿಯುಂಡೆಯಂಥ ಸ್ಯಾಂಡರ್ಲಿಂಗ್ ಮರಿಯನ್ನು ಯಾರೂ ಕಾಣುವಂತಿಲ್ಲ.

ಇದು ಸಣ್ಣ ತಪ್ಪು, ಕಥೆಗಾಗಿ ಕ್ಷಮಿಸಬಹುದು ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಇದೊಂದು ಬದಲಾವಣೆಯಿಂದ ಹಕ್ಕಿಯ ಬದುಕಿನ ಅತಿ ದೊಡ್ಡ ಸಂಗತಿಯೇ ಚಿತ್ರದಿಂದ ಹೊರಗುಳಿಯಿತು. ಅದು ವಲಸೆ. ಬೇಸಿಗೆ ಮುಗಿಯುತ್ತಿದ್ದಂತೆ ದೊಡ್ಡ ಹಕ್ಕಿಗಳು ಮೊದಲು ಹೊರಡುತ್ತವೆ. ಆ ವರ್ಷ ಹುಟ್ಟಿದವು ಕೆಲವು ವಾರ ತಡವಾಗಿ, ತಮ್ಮಷ್ಟಕ್ಕೆ ತಾವೇ ಹೊರಡುತ್ತವೆ. ಅವು ಕಡಲನ್ನು ಮೊದಲ ಬಾರಿಗೆ ನೋಡುವಾಗ ಪಕ್ಕದಲ್ಲಿ ತಾಯಿ ಇರುವುದಿಲ್ಲ. ಆರ್ಕ್‌ಟಿಕ್ ಬಯಲಿನಲ್ಲಿ ಕೀಟ, ಜೇಡ ತಿಂದು ಬೆಳೆದ ಹಕ್ಕಿ, ಸಾವಿರಾರು ಕಿಲೋಮೀಟರ್ ಹಾರಿ, ಹಿಂದೆಂದೂ ಕಾಣದ ಮರಳಿನ ಮೇಲೆ ಇಳಿದು, ಹಿಂದೆಂದೂ ತಿನ್ನದ ಆಹಾರವನ್ನು ಅಲೆಯ ಅಡಿಯಿಂದ ಹೆಕ್ಕಲು ತೊಡಗುತ್ತದೆ. ಚಿತ್ರದ ಮರಿಗಿಂತ ಈ ನಿಜವಾದ ಹಕ್ಕಿಯ ಸಾಹಸ ಎಷ್ಟು ದೊಡ್ಡದು, ಯೋಚಿಸಿ.

ಕಾಗೆಮರಿ ಮತ್ತು ಕೋಳಿಮರಿ

ಎರಡನೆಯ ಆಕ್ಷೇಪ, ಬಾಯಿ ತೆರೆದು ಕಾಯುವ ಮರಿಯದ್ದು. ಹಕ್ಕಿಮರಿಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳನ್ನು ನೀವೇ ಕಂಡಿದ್ದೀರಿ. ಕಾಗೆ, ಗುಬ್ಬಚ್ಚಿಗಳ ಮರಿಗಳು ಕಣ್ಣುಮುಚ್ಚಿ, ಬೋಳುಮೈಯಲ್ಲಿ ಹುಟ್ಟುತ್ತವೆ. ವಾರಗಟ್ಟಲೆ ಗೂಡಿನಲ್ಲೇ ಇದ್ದು, ತಂದೆ ತಾಯಿ ಬಂದಾಗಲೆಲ್ಲ ಬಾಯಿ ತೆರೆಯುತ್ತವೆ. ಕೋಳಿಮರಿ ಹಾಗಲ್ಲ. ಮೈ ಒಣಗಿದ ಕೂಡಲೇ ಎದ್ದು ನಡೆದು, ಕಂಡದ್ದನ್ನೆಲ್ಲ ತಾನೇ ಕುಕ್ಕಿ ನೋಡುತ್ತದೆ. ತಾಯಿಕೋಳಿ ಲೊಚಗುಟ್ಟಿ ಕಾಳು ಇರುವ ಜಾಗ ತೋರಿಸುತ್ತದೆ, ರೆಕ್ಕೆಯಡಿ ಬೆಚ್ಚಗಿಡುತ್ತದೆ, ಹದ್ದು ಬಂದರೆ ಎಚ್ಚರಿಸುತ್ತದೆ. ತುತ್ತನ್ನು ಬಾಯಿಗೆ ಇಡುವುದಿಲ್ಲ. ಹೊಲದಲ್ಲಿ ಮೊಟ್ಟೆ ಇಡುವ ಟಿಟ್ಟಿಭದ ಮರಿಯೂ ಹೀಗೆಯೇ.

ಸ್ಯಾಂಡರ್ಲಿಂಗ್ ಮರಿ ಈ ಎರಡನೆಯ ಬಗೆಯದು. ಹುಟ್ಟಿದ ಒಂದು ದಿನದೊಳಗೆ ಗೂಡು ಬಿಡುತ್ತದೆ, ಕೀಟಗಳನ್ನು ತಾನೇ ಹಿಡಿದು ತಿನ್ನುತ್ತದೆ. ಚಿತ್ರದಲ್ಲಿ ತಾಯಿ ತುತ್ತು ಕೊಡಲು ನಿರಾಕರಿಸುವುದು ವಾಸ್ತವಕ್ಕೆ ಹತ್ತಿರವೇ. ಆದರೆ ಚಿತ್ರ ಅದನ್ನು ಕಟ್ಟುನಿಟ್ಟಿನ ತಾಯಿಯ ಶಿಸ್ತಿನಂತೆ ತೋರಿಸುತ್ತದೆ. ನಿಜವಾಗಿ ಅಲ್ಲಿ ಶಿಸ್ತೂ ಇಲ್ಲ, ನಿರಾಕರಣೆಯೂ ಇಲ್ಲ. ಆ ಮರಿ ತುತ್ತು ಕೇಳುವುದೇ ಇಲ್ಲ. ಇನ್ನೊಂದು ಸಂಗತಿ: ಮರಿಗಳೊಂದಿಗೆ ಇರುವುದು ತಾಯಿಯೇ ಆಗಬೇಕೆಂದಿಲ್ಲ. ಈಶಾನ್ಯ ಗ್ರೀನ್‌ಲೆಂಡಿನ ಝಾಕೆನ್‌ಬರ್ಗ್‌ನಲ್ಲಿ ಈ ಹಕ್ಕಿಗಳನ್ನು ಹಲವು ವರ್ಷ ಅಧ್ಯಯನ ಮಾಡಿದ ಡಚ್ ವಿಜ್ಞಾನಿ ಯೆರೂನ್ ರೆನೆರ್‌ಕೆನ್ಸ್ ಮತ್ತು ಸಂಗಡಿಗರು ಕಂಡಂತೆ, ಕೆಲವು ಗೂಡುಗಳಲ್ಲಿ ತಂದೆ ತಾಯಿ ಇಬ್ಬರೂ ಕಾವು ಕೊಡುತ್ತಾರೆ. ಇನ್ನು ಕೆಲವು ಗೂಡುಗಳಲ್ಲಿ ಒಬ್ಬರೇ. ಆ ಒಬ್ಬರು ತಂದೆಯೂ ಆಗಿರಬಹುದು.

ದಡದಲ್ಲಿ ಮರಿಗೆ ಉಣಿಸುವ ಹಕ್ಕಿಯ ಕಥೆಯೇ ಬೇಕಿದ್ದರೆ ಪಿಕ್ಸಾರ್ ದೂರ ಹೋಗಬೇಕಾಗಿರಲಿಲ್ಲ. ಅದೇ ಕ್ಯಾಲಿಫೋರ್ನಿಯದ ಬಂಡೆಗಲ್ಲಿನ ತೀರದಲ್ಲಿ ಕರಿಯ ಆಯ್‌ಸ್ಟರ್‌ಕ್ಯಾಚರ್ ಎಂಬ ಕೆಂಪು ಕೊಕ್ಕಿನ ಹಕ್ಕಿ ಗೂಡು ಕಟ್ಟುತ್ತದೆ. ಅದರ ಮರಿಗಳೂ ಹುಟ್ಟುತ್ತಲೇ ನಡೆಯುತ್ತವೆ, ಆದರೆ ತಂದೆ ತಾಯಿ ಅವಕ್ಕೆ ವಾರಗಟ್ಟಲೆ ಆಹಾರ ತಂದುಕೊಡುತ್ತವೆ. ಕಾರಣ ಸ್ಪಷ್ಟ. ಬಿಗಿಯಾಗಿ ಮುಚ್ಚಿದ ಚಿಪ್ಪನ್ನು ಬಿಡಿಸುವುದು ಎಳೆಯ ಕೊಕ್ಕಿಗೆ ಆಗದ ಕೆಲಸ. ಯೂರೋಪಿನ ಆಯ್‌ಸ್ಟರ್‌ಕ್ಯಾಚರ್‌ಗಳಲ್ಲಿ ಕೆಲವು ಚಿಪ್ಪನ್ನು ಕುಟ್ಟಿ ಒಡೆಯುತ್ತವೆ, ಕೆಲವು ಅರೆತೆರೆದ ಚಿಪ್ಪಿನೊಳಗೆ ಕೊಕ್ಕು ತೂರಿಸಿ ಸ್ನಾಯುವನ್ನು ಕತ್ತರಿಸುತ್ತವೆ ಎಂಬುದನ್ನು ಮೈಕಲ್ ನಾರ್ಟನ್-ಗ್ರಿಫಿತ್ಸ್ 1960ರ ದಶಕದಲ್ಲಿ ವಿವರವಾಗಿ ಅಧ್ಯಯನ ಮಾಡಿದರು. ಚಿತ್ರದ ಕಥೆ ಅಂಥ ಹಕ್ಕಿಗೆ ಒಪ್ಪುತ್ತಿತ್ತು. ‘ಪೈಪರ್’ ಆ ಹಕ್ಕಿಯ ಬಾಳನ್ನು ತೆಗೆದು ಈ ಹಕ್ಕಿಯ ಮೈಗೆ ತೊಡಿಸಿದೆ.

ಮಿತ್ರನೋ, ಊಟವೋ?

ಇನ್ನು ಏಡಿಯ ವಿಷಯ. ಅಲೆ ಬಂದಾಗ ಮರಳಲ್ಲಿ ಹೂತುಕೊಂಡು, ಅಲೆ ಸರಿದಾಗ ಏಳುವ ವಿದ್ಯೆಯಲ್ಲಿ ಪಳಗಿದ ಜೀವಿ ಆ ದಡದಲ್ಲಿ ನಿಜಕ್ಕೂ ಇದೆ. ಅದು ಸನ್ಯಾಸಿ ಏಡಿಯಲ್ಲ, ಎಮೆರಿಟ ಎಂಬ ಮರಳು ಏಡಿ. ಹೆಬ್ಬೆರಳ ತುದಿಯಷ್ಟು ಗಾತ್ರ, ಮೊಟ್ಟೆಯಾಕಾರದ ನುಣುಪು ಮೈ, ಹಿಂದುಹಿಂದಕ್ಕೆ ಸರಿದು ಕ್ಷಣಮಾತ್ರದಲ್ಲಿ ಹೂತುಕೊಳ್ಳುವ ಚಾಕಚಕ್ಯತೆ. ಹಿಂದೆ ಸರಿಯುವ ಅಲೆಗೆ ಗರಿಯಂಥ ಸ್ಪರ್ಶಾಂಗಗಳನ್ನು ಚಾಚಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ಇದರ ಹತ್ತಿರದ ಬಂಧುಗಳು ನಮ್ಮ ಕರಾವಳಿಯ ಮರಳಿನಲ್ಲೂ ಇವೆ.

ಕ್ಯಾಲಿಫೋರ್ನಿಯದ ಬೊಡೇಗ ಕೊಲ್ಲಿಯ ಸ್ಯಾಂಡರ್ಲಿಂಗ್‌ಗಳ ಮುಖ್ಯ ಆಹಾರಗಳಲ್ಲಿ ಇದೂ ಒಂದು! ಚಿತ್ರದಲ್ಲಿ ಗುರುವಾಗಿ, ಗೆಳೆಯನಾಗಿ ಬರುವ ಏಡಿ, ವಾಸ್ತವದ ದಡದಲ್ಲಿ ಹಕ್ಕಿಯ ಬಾಯಿಗೆ ಬೀಳುತ್ತಿತ್ತು. ದೊಡ್ಡ ಚಿಪ್ಪುಗಳನ್ನು ಬಿಡಿಸುವ ಬಲ ಈ ಹಕ್ಕಿಯ ಎರಡೂವರೆ ಸೆಂಟಿಮೀಟರಿನ ಕೊಕ್ಕಿಗೆ ಇಲ್ಲ. ಎಳೆಯ ಏಡಿ, ಹುಳು, ಸೀಗಡಿಯಂಥ ಚಿಕ್ಕ ಜೀವಿ, ತೀರ ಸಣ್ಣ ಚಿಪ್ಪುಜೀವಿ – ಇವನ್ನು ಅದು ಹೆಕ್ಕಿ ಇಡಿಯಾಗಿ ನುಂಗುತ್ತದೆ.

ಕೊನೆಯ ದೃಶ್ಯದ ಉದಾರ ಹಂಚಿಕೆಯೂ ಅನುಮಾನಾಸ್ಪದ. ಇದೇ ಬೊಡೇಗ ಕೊಲ್ಲಿಯಲ್ಲಿ 1970ರ ದಶಕದಲ್ಲಿ ಜೆ. ಪಿ. ಮಯರ್ಸ್, ಪೀಟರ್ ಕಾನರ್ಸ್ ಮತ್ತು ಫ್ರಾಂಕ್ ಪಿಟೆಲ್ಕ ನಡೆಸಿದ ಅಧ್ಯಯನದಲ್ಲಿ, ಹಲವು ಸ್ಯಾಂಡರ್ಲಿಂಗ್‌ಗಳು ಚಳಿಗಾಲದಲ್ಲಿ ದಡದ ಒಂದೊಂದು ತುಂಡನ್ನು ತಮ್ಮದೆಂದು ಕಾದುಕೊಳ್ಳುವುದು ಕಂಡುಬಂತು. ಒಳಬಂದವರನ್ನು ಅವು ತಲೆ ತಗ್ಗಿಸಿ, ಗರಿ ಕೆದರಿ ಓಡಿಸುತ್ತಿದ್ದವು. ಆಹಾರ ಎಷ್ಟಿದೆ, ನುಗ್ಗುವವರು ಎಷ್ಟಿದ್ದಾರೆ ಎಂಬುದನ್ನು ಅವಲಂಬಿಸಿ ಆ ತುಂಡಿನ ಉದ್ದವೂ ಬದಲಾಗುತ್ತಿತ್ತು. ಬಳಗವೆಂದು ನಮಗೆ ಕಾಣುವುದರೊಳಗೆ ಹೀಗೊಂದು ಲೆಕ್ಕಾಚಾರವಿದೆ.

ಕಣ್ಣಲ್ಲ, ಕೊಕ್ಕು

ಚಿತ್ರದ ಅತಿ ಸುಂದರ ಕ್ಷಣ ಮರಿ ನೀರೊಳಗೆ ಕಣ್ಣು ತೆರೆಯುವುದು. ವಿಜ್ಞಾನದ ದೃಷ್ಟಿಯಿಂದ ಅತಿ ದೊಡ್ಡ ಅವಕಾಶ ತಪ್ಪಿಹೋದದ್ದೂ ಅಲ್ಲಿಯೇ. ಗಾಳಿಯಲ್ಲಿ ನೋಡುವ ಕಣ್ಣಿಗೆ ಬೆಳಕನ್ನು ಬಾಗಿಸುವ ಬಹುಪಾಲು ಕೆಲಸವನ್ನು ಕಾರ್ನಿಯ ಮಾಡುತ್ತದೆ. ನೀರೊಳಗೆ ಈ ಬಲ ಹೊರಟುಹೋಗುತ್ತದೆ. ಕೊಳದಲ್ಲಿ ಮುಳುಗಿ ಕಣ್ಣು ಬಿಟ್ಟವರಿಗೆಲ್ಲ ಇದರ ಅನುಭವವಿದೆ. ನೀರುಕಾಗೆಯಂಥ ಮುಳುಗುಹಕ್ಕಿಗಳು ಕಣ್ಣಿನ ಮಸೂರದ ಆಕಾರವನ್ನು ಬಹಳವಾಗಿ ಬದಲಿಸಿ ಈ ಕೊರತೆ ತುಂಬಿಕೊಳ್ಳುತ್ತವೆ. ದಡದಲ್ಲಿ ಓಡುವ ಹಕ್ಕಿಯ ಕಸುಬು ಅದಲ್ಲ.

ಅದರ ನಿಜವಾದ ‘ಕಣ್ಣು’ ಇರುವುದು ಕೊಕ್ಕಿನ ತುದಿಯಲ್ಲಿ. ಈ ಬಳಗದ ಹಕ್ಕಿಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸೂಕ್ಷ್ಮ ಗುಳಿಗಳಿವೆ. ಅವುಗಳೊಳಗೆ ಈರುಳ್ಳಿಯಂತೆ ಪದರ ಪದರವಾದ, ಒತ್ತಡವನ್ನೂ ಕಂಪನವನ್ನೂ ಗ್ರಹಿಸುವ ಸಂವೇದಕಗಳು ತುಂಬಿವೆ. ಇವಕ್ಕೆ ಹರ್ಬ್‌ಸ್ಟ್ ಕಣಗಳೆಂದು ಹೆಸರು.

ಇವು ಏನು ಮಾಡಬಲ್ಲವು? ಸ್ಯಾಂಡರ್ಲಿಂಗ್‌ನ ಹತ್ತಿರದ ಬಂಧು ರೆಡ್ ನಾಟ್ ಎಂಬ ಹಕ್ಕಿಯ ಮೇಲೆ ತ್ಯೂನಿಸ್ ಪೀರ್ಸ್ಮ ಮತ್ತು ಸಂಗಡಿಗರು ನೆದರ್‌ಲೆಂಡ್ಸ್‌ನಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೋಡಿ. ಒದ್ದೆ ಮರಳಿನಲ್ಲಿ ಚಿಪ್ಪುಜೀವಿಗಳನ್ನು ಹುದುಗಿಸಿದರು. ಹಕ್ಕಿ ಪತ್ತೆ ಹಚ್ಚಿತು. ವಾಸನೆಯಿಂದಲೋ, ಜೀವಿಯ ಚಲನೆಯಿಂದಲೋ ಎಂಬ ಸಂಶಯ ಬರುವುದು ಸಹಜ. ಆದ್ದರಿಂದ ಕಲ್ಲುಗಳನ್ನು ಹುದುಗಿಸಿದರು. ಕಲ್ಲಿಗೆ ವಾಸನೆಯಿಲ್ಲ, ಚಲನೆಯಿಲ್ಲ. ತರಬೇತಾದ ಹಕ್ಕಿ ಅವನ್ನೂ ಪತ್ತೆ ಹಚ್ಚಿತು. ಆದರೆ ಒಣ ಮರಳಿನಲ್ಲಿ ಹುದುಗಿಸಿದಾಗ ಸೋತಿತು. ಇದರಿಂದ ಅವರು ತಲುಪಿದ ವಿವರಣೆ ಹೀಗಿದೆ: ಕೊಕ್ಕನ್ನು ಒದ್ದೆ ಮರಳಿಗೆ ಇಳಿಸಿದಾಗ ಕಣಗಳ ನಡುವಿನ ನೀರು ತಳ್ಳಲ್ಪಡುತ್ತದೆ. ಹತ್ತಿರದಲ್ಲಿ ಗಟ್ಟಿ ವಸ್ತುವಿದ್ದರೆ ಆ ನೀರಿನ ಹರಿವಿಗೆ ತಡೆಯಾಗಿ ಒತ್ತಡದ ವಿನ್ಯಾಸ ಬದಲಾಗುತ್ತದೆ. ಮತ್ತೆ ಮತ್ತೆ ಕುಕ್ಕಿದಾಗ ಈ ವ್ಯತ್ಯಾಸ ಬಲಗೊಳ್ಳುತ್ತದೆ. ಕೊಕ್ಕು ಅದನ್ನು ಗ್ರಹಿಸುತ್ತದೆ. ಮುಟ್ಟದೆಯೇ ಮುಟ್ಟಿದಂತೆ! ಕತ್ತಲ ಮರಳನ್ನು ಕೊಕ್ಕಿನಿಂದ ‘ಓದುವ’ ವಿದ್ಯೆ ಇದು.

ಸ್ಯಾಂಡರ್ಲಿಂಗ್ ಕಣ್ಣನ್ನು ಬಳಸುವುದೇ ಇಲ್ಲವೆಂದಲ್ಲ. ತೆಳುನೀರಿನಲ್ಲಿ ಹೊರಳಾಡುವ ಜೀವಿಯನ್ನು ಅದು ಕಂಡೇ ಹಿಡಿಯುತ್ತದೆ. ಆದರೆ ರಾತ್ರಿಯಲ್ಲೂ ಅದು ಆಹಾರ ಹುಡುಕುತ್ತದೆ ಎಂಬುದನ್ನು ನೆನಪಿಡಿ. ಎರಡು ಉಬ್ಬರಗಳ ನಡುವಿನ ಅಂತರ ಸುಮಾರು 12 ಗಂಟೆ 25 ನಿಮಿಷ. ದಿನದಿಂದ ದಿನಕ್ಕೆ ಇಳಿತದ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಒಳ್ಳೆಯ ಇಳಿತ ಒಂದು ವಾರ ಹಗಲಿಗೆ ಬಂದರೆ ಇನ್ನೊಂದು ವಾರ ರಾತ್ರಿಗೆ. ಈ ಹಕ್ಕಿಯ ಗಡಿಯಾರ ಸೂರ್ಯನಷ್ಟೇ ಚಂದ್ರನದ್ದೂ ಹೌದು. ಬೊಡೇಗದಲ್ಲಿ ಹಕ್ಕಿಗಳು ಉಬ್ಬರದ ವೇಳೆ ಹೊರಗಿನ ದಡದಲ್ಲಿ ಮೇಯ್ದು, ಇಳಿತದಲ್ಲಿ ಒಳಕೊಲ್ಲಿಯ ಮರಳು ಬಯಲಿಗೆ ಹಾರುತ್ತಿದ್ದುದನ್ನು ಅದೇ ಸಂಶೋಧಕರು ದಾಖಲಿಸಿದ್ದಾರೆ. ಯಾವ ಹೊತ್ತಿಗೆ ಎಲ್ಲಿ ಲಾಭ ಹೆಚ್ಚು ಎಂಬುದು ಅವಕ್ಕೆ ಗೊತ್ತು. ಚಿತ್ರದಲ್ಲಿ ಅಲೆಗಳಿವೆ, ಉಬ್ಬರ-ಇಳಿತವೇ ಇಲ್ಲ.

ಕಥೆಗೆ ಇಷ್ಟೂ ಸ್ವಾತಂತ್ರ್ಯವಿಲ್ಲವೇ?

ನೀವು ಕೇಳಬಹುದು: ಇದು ಕಥೆ ತಾನೇ? ಪಂಚತಂತ್ರದಲ್ಲೂ ಟಿಟ್ಟಿಭ ದಂಪತಿಗಳ ಮೊಟ್ಟೆಗಳನ್ನು ಸಮುದ್ರ ಕದಿಯುತ್ತದೆ, ಹಕ್ಕಿಗಳು ಗರುಡನಿಗೆ ದೂರು ಕೊಟ್ಟು ಸಮುದ್ರವನ್ನು ಮಣಿಸುತ್ತವೆ. ಅದನ್ನು ಯಾರಾದರೂ ಪ್ರಾಣಿಶಾಸ್ತ್ರದ ಪರೀಕ್ಷೆಗೆ ಒಡ್ಡುತ್ತಾರೆಯೇ?

ಒಡ್ಡುವುದಿಲ್ಲ, ಒಡ್ಡಬಾರದು. ಏಕೆಂದರೆ ಪಂಚತಂತ್ರದ ಟಿಟ್ಟಿಭ ಮಾತನಾಡುತ್ತದೆ. ಅದು ಬಾಯಿ ತೆರೆದ ಕ್ಷಣದಲ್ಲೇ ಇದು ಮನುಷ್ಯರ ಕಥೆ ಎಂದು ಕೇಳುವ ಮಗುವಿಗೂ ತಿಳಿಯುತ್ತದೆ. ‘ಪೈಪರ್’ ಈ ಸುಳಿವನ್ನು ಅಳಿಸಿಹಾಕಿದೆ. ಹಕ್ಕಿಗೆ ಮಾತಿಲ್ಲ, ಬಟ್ಟೆಯಿಲ್ಲ. ಗರಿಗರಿಯೂ ಸಾಚಾ, ಮರಳಿನ ಹರಳುಹರಳೂ ಸಾಚಾ. ಛಾಯಾಚಿತ್ರವೋ ಎಂಬಷ್ಟು ನೈಜವಾದ ಚಿತ್ರವನ್ನು ನಮ್ಮ ಮನಸ್ಸು ಸಾಕ್ಷಿಯಾಗಿ ಸ್ವೀಕರಿಸುತ್ತದೆ. ಹಕ್ಕಿಯ ಗರಿ ನಿಜವಾದರೆ ಅದರ ನಡತೆಯೂ ನಿಜವಿರಬೇಕು ಎಂದುಕೊಳ್ಳುತ್ತೇವೆ. ಮೇಲ್ಮೈಯನ್ನು ಇಷ್ಟು ನಿಖರವಾಗಿ ಬರೆಯುವವರು ಒಳಗಿನ ಸಂಗತಿಗೂ ಅಷ್ಟೇ ಹೊಣೆಗಾರರು. ಆಕ್ಷೇಪದ ತಿರುಳು ಇದೇ.

ಇನ್ನೂ ಒಂದು ಮಾತು. ವಾಸ್ತವವನ್ನು ಸೇರಿಸಿದ್ದರೆ ಕಥೆ ಸೊರಗುತ್ತಿತ್ತೇ? ತಾಯಿಯಿಲ್ಲದೆ ಮೊದಲ ಸಲ ಕಡಲಿಗೆ ಬಂದ ಎಳೆಯ ಹಕ್ಕಿ; ಕಣ್ಣಿಗೆ ಏನೂ ಕಾಣದ ಒದ್ದೆ ಮರಳು; ಕೊಕ್ಕು ಇಳಿಸಿದಾಗ ಕತ್ತಲಲ್ಲಿ ಒಂದೊಂದಾಗಿ ಮೂಡುವ ಆಕಾರಗಳು. ಇಷ್ಟು ಕುಶಲ ಕಲಾವಿದರ ಕೈಯಲ್ಲಿ ಇದು ಇನ್ನೂ ಬೆರಗಿನ ಚಿತ್ರವಾಗುತ್ತಿತ್ತು. ಎಳೆಯ ಹಕ್ಕಿ ತಪ್ಪುತ್ತ ತಡವರಿಸುತ್ತ, ಅಭ್ಯಾಸದಿಂದ ಚುರುಕಾಗುತ್ತದೆ ಎಂಬ ಚಿತ್ರದ ಆಶಯವೂ ಉಳಿಯುತ್ತಿತ್ತು, ಏಕೆಂದರೆ ಅದು ನಿಜ.

ಶತ್ರು ಯಾರು?

ಚಿತ್ರದಲ್ಲಿ ಅಪಾಯವೆಂದರೆ ಅಲೆ. ಅದನ್ನು ಗೆದ್ದರೆ ಆಹಾರ ಅಪಾರ. ವಾಸ್ತವದಲ್ಲಿ ಅಲೆ ಹಕ್ಕಿಯ ಸೇವಕ. ಇದನ್ನು ನೀವೇ ಪರೀಕ್ಷಿಸಬಹುದು. ಅಲೆ ಸರಿದ ಕೂಡಲೇ ಹೊಳೆಯುವ ಮರಳಿಗೆ ಬೆರಳು ಇಳಿಸಿ. ಸಲೀಸಾಗಿ ಇಳಿಯುತ್ತದೆ. ನೀರು ಬಸಿದು ಗಟ್ಟಿಯಾದ ಮರಳಿನ ಮೇಲೆ ಪಾದ ಊರಿ. ಪಾದದ ಸುತ್ತ ಮರಳು ಒಣಗಿದಂತೆ ಬಿಳಿಚುತ್ತದೆ. ಒತ್ತೊತ್ತಾಗಿ ಕುಳಿತ ಕಣಗಳು ಒತ್ತಡಕ್ಕೆ ಜರುಗಿದಾಗ ಅವುಗಳ ನಡುವಿನ ಜಾಗ ಹಿಗ್ಗಿ, ಮೇಲಿನ ನೀರು ಒಳಕ್ಕೆ ಸೆಳೆಯಲ್ಪಡುವುದೇ ಇದಕ್ಕೆ ಕಾರಣ. ಆಸ್ಬೋರ್ನ್ ರೇನಾಲ್ಡ್ಸ್ 1885ರಲ್ಲಿ ಈ ವಿದ್ಯಮಾನವನ್ನು ವಿವರಿಸಿದರು. ಇಂಥ ಬಿಗಿ ಮರಳು ಕೊಕ್ಕಿಗೂ ಕಷ್ಟ. ಅಲೆ ಬಂದು ಕುಲುಕಿ ನೀರು ತುಂಬಿದಾಗ ಮರಳು ಸಡಿಲಗೊಳ್ಳುತ್ತದೆ, ಒಳಗಿನ ಜೀವಿಗಳು ಮೇಲೇಳುತ್ತವೆ. ಹಕ್ಕಿ ಅಲೆಯ ಬೆನ್ನಟ್ಟುವುದು ಆ ಕೆಲವೇ ಸೆಕೆಂಡುಗಳಿಗಾಗಿ.

ಹಾಗಾದರೆ ಶತ್ರು ಯಾರು? ಸಮಯದ ಅಭಾವ. ವಲಸೆಗೆ ಮುನ್ನ ಈ ಹಕ್ಕಿ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. 80 ಗ್ರಾಂ ದಾಟುವುದೂ ಉಂಟು. ಅದಕ್ಕಾಗಿ ಪ್ರತಿ ಇಳಿತವೂ ಅಮೂಲ್ಯ. ಜೊಆನ ಬರ್ಗರ್ ಮತ್ತು ಮೈಕಲ್ ಗಾಕ್‌ಫೆಲ್ಡ್ ಫ್ಲಾರಿಡದಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಡದಲ್ಲಿ ಜನ ಹೆಚ್ಚಿದಷ್ಟೂ ಸ್ಯಾಂಡರ್ಲಿಂಗ್‌ಗಳು ಹಗಲಲ್ಲಿ ಮೇಯುವ ಸಮಯ ಕಡಿಮೆಯಾಗುತ್ತದೆ. ಅವು ರಾತ್ರಿಯೂ ಮೇಯುತ್ತವೆ. ಹಕ್ಕಿಗಳ ಗುಂಪಿನತ್ತ ಓಡಿ ಅವು ಒಟ್ಟಿಗೆ ಏಳುವುದನ್ನು ನೋಡಿ ನಲಿಯುವ ಮಗು, ಬೆನ್ನಟ್ಟುವ ನಾಯಿ, ಮರಳ ಮೇಲೆ ಓಡಿಸುವ ಬೈಕು – ಪ್ರತಿ ಬಾರಿಯೂ ಹಕ್ಕಿ ಎರಡು ನಷ್ಟ ಅನುಭವಿಸುತ್ತದೆ: ತಿನ್ನುವ ಹೊತ್ತು ಹೋಯಿತು, ತಿಂದದ್ದು ಹಾರಾಟಕ್ಕೆ ಖರ್ಚಾಯಿತು.

ಆಹಾರವೂ ಅಪಾರವಲ್ಲ. ದಕ್ಷಿಣ ಕ್ಯಾಲಿಫೋರ್ನಿಯದ ತೀರಗಳಲ್ಲಿ ಜೆನಿಫರ್ ದುಗನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ, ದಡಕ್ಕೆ ಬಂದು ಬೀಳುವ ಕಡಲಕಳೆಯ ಪ್ರಮಾಣಕ್ಕೂ ಅಲ್ಲಿನ ಅಕಶೇರುಕಗಳಿಗೂ ಕೆಲವು ತೀರಹಕ್ಕಿಗಳ ಸಂಖ್ಯೆಗೂ ನಂಟಿರುವುದನ್ನು ತೋರಿಸಿತು. ‘ಕಸ’ವೆಂದು ಯಂತ್ರದಿಂದ ಗುಡಿಸಿದರೆ ಹಕ್ಕಿಯ ತಟ್ಟೆಯನ್ನೂ ಗುಡಿಸಿದಂತೆ. ನಮ್ಮಲ್ಲಿ ಉಳ್ಳಾಲದಂಥ ಕಡೆ ಕಡಲ್ಕೊರೆತ ತಡೆಯಲು ಕಲ್ಲು ಸುರಿದಿದ್ದಾರೆ. ಮನೆ ಕಳೆದುಕೊಳ್ಳುವವರ ಸಂಕಟ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಅಲೆ ನೇರವಾಗಿ ಕಲ್ಲಿಗೆ ಬಡಿಯುವ ಕಡೆ ಅಲೆ ಏರಿ ಇಳಿಯುವ ಮರಳಿನ ಪಟ್ಟಿಯೇ ಉಳಿಯುವುದಿಲ್ಲ ಎಂಬುದೂ ನಿಜ. ಅಂಥಲ್ಲಿ ಎಷ್ಟು ಧೈರ್ಯವಂತ ಹಕ್ಕಿಯಾದರೂ ಏನು ಮಾಡೀತು?

‘ಪೈಪರ್’ ನೋಡಿದ ಮಗು, ಹಕ್ಕಿಗೆ ಬೇಕಾದ್ದು ಧೈರ್ಯ ಎಂದು ತಿಳಿಯುತ್ತದೆ. ಹಕ್ಕಿಗೆ ಧೈರ್ಯದ ಕೊರತೆಯಿಲ್ಲ. ಅದಕ್ಕೆ ಬೇಕಾದ್ದು ಒದ್ದೆ ಮರಳು ಮತ್ತು ಯಾರೂ ಓಡಿಸದ ಕೆಲವು ಗಂಟೆಗಳು.

ತರಗತಿಯಲ್ಲಿ ತೋರಿಸಬೇಕೇ?

ಖಂಡಿತ ತೋರಿಸಿ. ಇಷ್ಟು ಸೊಗಸಾದ ಚಿತ್ರವನ್ನು ಮಕ್ಕಳಿಂದ ಮುಚ್ಚಿಡುವುದು ಸಲ್ಲದು. ಮೊದಲ ಸಲ ಸುಮ್ಮನೆ ನೋಡಲಿ, ನಗಲಿ. ಎರಡನೆಯ ಸಲ ತೋರಿಸುವ ಮುನ್ನ ಕೆಲವು ಪ್ರಶ್ನೆ ಕೊಡಿ. ಈ ಮರಿ ಕಾಗೆಮರಿಯಂತಿದೆಯೇ, ಕೋಳಿಮರಿಯಂತಿದೆಯೇ? ನೀರೊಳಗೆ ನಿಮಗೆ ಸ್ಪಷ್ಟವಾಗಿ ಕಾಣುತ್ತದೆಯೇ? ರಾತ್ರಿಯಾದರೆ ಈ ಹಕ್ಕಿ ಏನು ಮಾಡೀತು? ಉತ್ತರಗಳನ್ನು ಮಕ್ಕಳೇ ಹುಡುಕಲಿ. ಚಿತ್ರದ ತಪ್ಪುಗಳೇ ಒಳ್ಳೆಯ ಪಾಠವಾಗುತ್ತವೆ.

ಕರಾವಳಿಯ ಶಾಲೆಗಳಿಗೆ ಇನ್ನೂ ಒಂದು ಅನುಕೂಲವಿದೆ. ಸ್ಯಾಂಡರ್ಲಿಂಗ್ ಮತ್ತು ಅದರಂಥ ವಲಸೆ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಪಶ್ಚಿಮ ತೀರಕ್ಕೂ ಬರುತ್ತವೆ. ಉಬ್ಬರ-ಇಳಿತದ ವೇಳೆಯನ್ನು ಪಂಚಾಂಗದಲ್ಲೋ, ಮೀನುಗಾರರನ್ನು ಕೇಳಿಯೋ ತಿಳಿದುಕೊಳ್ಳಿ. ಇಳಿತ ಆರಂಭವಾದ ಮೇಲೆ ದಡಕ್ಕೆ ಹೋಗಿ. ಹಕ್ಕಿಗಳಿಂದ ದೂರದಲ್ಲಿ, ನೆಲದ ಮೇಲೆ ಕುಳಿತುಕೊಳ್ಳಿ. ನಿಂತವರಿಗಿಂತ ಕುಳಿತವರಿಗೆ ಅವು ಕಡಿಮೆ ಹೆದರುತ್ತವೆ. ಬೈನಾಕ್ಯುಲರ್ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಒಂದೇ ಹಕ್ಕಿಯನ್ನು ಆರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಕುಕ್ಕಿತು, ಎಷ್ಟು ಸಲ ನುಂಗಿತು ಎಂದು ಎಣಿಸಿ. ಯಾರಾದರೂ ಹತ್ತಿರ ಬಂದು ಓಡಿಸಿದರೆ ಮತ್ತೆ ಮೇಯಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಅವು ತಾವಾಗಿ ಮುಂದೆ ಸರಿದ ಮೇಲೆ ಹೋಗಿ ಹೆಜ್ಜೆಗುರುತು ನೋಡಿ. ಸ್ಯಾಂಡರ್ಲಿಂಗ್‌ಗೆ ಹಿಂಬೆರಳಿಲ್ಲ, ಮುಂದಿನ ಮೂರು ಬೆರಳುಗಳ ಗುರುತು ಮಾತ್ರ ಇರುತ್ತದೆ. ಪಕ್ಕದಲ್ಲೇ ಹೊಲಿಗೆ ಯಂತ್ರ ಹಾದುಹೋದಂತೆ ಸಾಲು ಸಾಲು ಸಣ್ಣ ತೂತುಗಳು. ಕೊಕ್ಕು ಮರಳನ್ನು ಓದಿದ ಗುರುತು ಅದು. ಮುಂದಿನ ಅಲೆ ಅದನ್ನು ಅಳಿಸುವ ಮೊದಲು ಎಷ್ಟಿವೆ ಎಂದು ಎಣಿಸಿಕೊಳ್ಳಿ.